ಬಾಗಿಲ ಬಳಿಯ ಬೆಂಚು

ಸಂಜೆ ಕಾಲೇಜುಗಳಲ್ಲಿ ಇತಿಹಾಸ ಬೋಧಿಸಿದವರು ಹಲವರಿರಬಹುದು. ಆದರೆ ಬೆಂಕಿ ಆರಿಸುವವರನ್ನೂ ಕಳ್ಳರನ್ನು ಹಿಡಿಯುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಪದವೀಧರರನ್ನಾಗಿ ಮಾಡಿದ ಕೀರ್ತಿ, ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರಿಗೇ ಸಲ್ಲತಕ್ಕದ್ದು.

ಪದವಿ ಪಡೆದ ಪೊಲೀಸರಿಗೂ ಅಗ್ನಿಶಾಮಕ ಸಿಬ್ಬಂದಿಗೂ ಹೆಚ್ಚುವರಿ ವೇತನ ಬಡ್ತಿ ಎಂಬ ಆದೇಶ ಹೊರಟಾಗ ನಾವೆಲ್ಲ ಮಕ್ಕಳೊಂದಿಗರಾಗಿದ್ದೆವು. ನಾವು ಬಂದದ್ದು ಸಂಬಳಕ್ಕೇ ಹೊರತು ವಿದ್ಯೆಗಲ್ಲವೆಂದು ಪ್ರಾಂಶುಪಾಲರು ಹಂಗಿಸಿದಾಗ, “ಹೊಟ್ಟೆಗೋಸ್ಕರ ಬಂದೋರು ಕ್ಲಾಸಲ್ಲಿ ನಿದ್ದೆ ಮಾಡಲ್ಲ ಸರ್” ಎಂದು ಅವರ ಬಾಯಿ ಮುಚ್ಚಿಸಿದವರು ಮೇಡಂ.

ನಮ್ಮ ಅಗ್ನಿಶಾಮಕ ಠಾಣೆ ಕಾಲೇಜಿನ ಗೋಡೆಗೇ ಅಂಟಿಕೊಂಡಿತ್ತು. ಠಾಣೆಯ ಗಂಟೆ ಕೇಳಿದೊಡನೆ ಓಡಬೇಕೆಂಬ ಕರಾರಿನ ಮೇಲೆ ನಮಗೆ ಓದಲು ಅನುಮತಿ ಸಿಕ್ಕಿತ್ತು. ಬಾಗಿಲ ಬಳಿಯ ಬೆಂಚು ನಮ್ಮದೆಂದು ಮೇಡಂ ಗೊತ್ತುಮಾಡಿದರು. ಹೊಗೆಯ ವಾಸನೆ ಹೊತ್ತು ನಾವು ಮರಳಿದಾಗ, ನಾವು ಬಿಟ್ಟುಹೋದಲ್ಲಿಂದಲೇ ಪಾಠ ಮತ್ತೆ ಆರಂಭವಾಗುತ್ತಿತ್ತು. ಒಂದೇ ಪಾಠವನ್ನು ಎರಡು ಸಲ ಕೇಳಬೇಕಾದ ಪೊಲೀಸರು ಹಲ್ಲು ಕಡಿಯುತ್ತಿದ್ದರು. ಹಿಂದೆ ಎರಡು ಬಾರಿ ನಪಾಸಾಗಿದ್ದ ಮುಖ್ಯಪೇದೆಯವರ ಗೊಣಗಾಟವಂತೂ ಎಲ್ಲರದಕ್ಕಿಂತ ಜೋರು.

ಕೊನೆಯ ವರ್ಷದ ಕೊನೆಯ ಪರೀಕ್ಷೆಯ ನಡುವೆಯೇ ಗಂಟೆ ಹೊಡೆಯಿತು. ಆ ವರ್ಷ ಪಾಸಾಗದವರಿಗೆ ಬಡ್ತಿ ಇಲ್ಲವೆಂದು ಆದೇಶದಲ್ಲೇ ಇತ್ತು. ನನ್ನ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಆ ಹಣವನ್ನೇ ನೆಚ್ಚಿಕೊಂಡಿತ್ತು. “ಹೊರಗೆ ಹೋದ್ರೆ ನಪಾಸು” ಎಂದರು ಮೇಲ್ವಿಚಾರಕರು. ಪಡಸಾಲೆಯಲ್ಲಿ ನಿಂತಿದ್ದ ಮೇಡಂ ಬಾಗಿಲಿಗೆ ಬಂದು, “ನೀವು ಹೊರಡ್ರಪ್ಪ, ಇಲ್ಲೀದು ನನಗೆ ಬಿಡಿ” ಎಂದರು. ಅಂದು ಹತ್ತಿ ಗೋದಾಮಿನ ಮಹಡಿಯಿಂದ ಕಾವಲುಗಾರನ ಹೆಂಡತಿ ಮಕ್ಕಳನ್ನು ನಾವು ಜೀವಸಹಿತ ಇಳಿಸಿದೆವು.

ಪರೀಕ್ಷಾ ಮಂಡಳಿ ಮಾತ್ರ ಜಗ್ಗಲಿಲ್ಲ. ಎದ್ದುಹೋದ ನಮ್ಮ ಐವರಿಗಾಗಿ ಬೇರೆ ಪರೀಕ್ಷೆ ಸಾಧ್ಯವಿಲ್ಲ, ಇಡೀ ತರಗತಿ ಬರೆದದ್ದನ್ನು ಬಿಟ್ಟುಕೊಟ್ಟರೆ ಎಲ್ಲರಿಗೂ ಮರುಪರೀಕ್ಷೆ ಎಂದಿತು. ಮೇಡಂ ಇದನ್ನು ಪೊಲೀಸರಿಗೆ ತಿಳಿಸಿ, ಒಂದು ಮಾತಿನ ಒತ್ತಾಯವನ್ನೂ ಮಾಡದೆ ತೀರ್ಮಾನವನ್ನು ಅವರಿಗೇ ಬಿಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಚೆನ್ನಾಗಿ ಬರೆದಿದ್ದ ಮುಖ್ಯಪೇದೆಯವರು ಬಹಳ ಹೊತ್ತು ಗೊಣಗಿ, ಎಲ್ಲರಿಗಿಂತ ಮೊದಲು ಕೈ ಎತ್ತಿದರು.

“ಪ್ರತಿ ಪಾಠಾನೂ ಎರಡೆರಡು ಸಲ ಕೇಳ್ಸಿ ಅಭ್ಯಾಸ ಮಾಡ್ಸಿದೀರಲ್ಲ ಮೇಡಂ, ಎರಡನೇ ಸಲ ಬರೆಯೋಕೇನು ರೋಗ?”

ಉಳಿದ ಕೈಗಳೂ ಎದ್ದವು. ಮೇಡಂ ಅತ್ತುಬಿಟ್ಟರು, ನಾವೂ ಅತ್ತೆವು.

ಎಲ್ಲರೂ ಪಾಸಾದೆವು, ಮುಖ್ಯಪೇದೆಯವರು ಕೂದಲೆಳೆಯಲ್ಲಿ. ಮೊದಲ ಸಲವೇ ಚೆನ್ನಾಗಿ ಬರೆದಿದ್ದೆನೆಂದು ಅವರು ಇಂದಿಗೂ ಹೇಳದ ದಿನವಿಲ್ಲ. ನನ್ನ ತಾಯಿ ಈ ಲೇಖನವನ್ನು ತಾವೇ ಓದಲಿದ್ದಾರೆ.

ಮೇಡಂ ಅವರು ನೂರ್ಕಾಲ ಆರೋಗ್ಯದಿಂದ ಬಾಳಲಿ. ನಿವೃತ್ತಿಯ ಗಂಟೆ ಕೇಳಿ ಅವರೀಗ ಎದ್ದು ಹೊರಟಿದ್ದಾರೆ. ಬಾಗಿಲ ಬಳಿಯ ಬೆಂಚನ್ನು ನಾವು ಖಾಲಿ ಇಟ್ಟಿರುತ್ತೇವೆ. ಅವರು ಯಾವಾಗ ಬಂದರೂ, ಬಿಟ್ಟುಹೋದಲ್ಲಿಂದಲೇ ಶುರು.