ಪೋಷಕರ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿ

ಆಕೆಯನ್ನು ನಾನು ಮೊದಲು ಕಂಡ ದಿನ ನನ್ನ ಎದೆಯ ಮೇಲೆ ‘ಸ್ವಾಗತ ಸಮಿತಿ’ ಎಂದು ಬರೆದ ರಿಬ್ಬನ್ನಿನ ಹೂವಿತ್ತು. ಅಂಥದೊಂದು ಹೂವು ಸಿಕ್ಕಿಸಿಕೊಂಡ ಮೇಲೆ ಎಂಥ ಸಾಧುವಿಗೂ ಕಣ್ಣು ನೆತ್ತಿಗೇರುತ್ತದೆ. ನನ್ನದು ಮೊದಲೇ ಅಲ್ಲಿತ್ತು. ನಾನು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಮೇಷ್ಟ್ರು. ಮೂಳೆ, ಸ್ನಾಯು, ನರಗಳ ಸಹವಾಸದಲ್ಲೇ ತಲೆ ನರೆತವನಾದ್ದರಿಂದ, ಯಾರನ್ನಾದರೂ ನಿಂತ ಭಂಗಿಯಲ್ಲೇ ಓದಿಬಿಡಬಲ್ಲೆ ಎಂಬ ಹೆಮ್ಮೆ ನನಗಿತ್ತು. ಈ ಹೆಮ್ಮೆಯನ್ನು ನನ್ನ ಹೆಂಡತಿ ಒಬ್ಬಳೇ ನಂಬುತ್ತಿರಲಿಲ್ಲ.

ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ದಿನ ಅದು. ಸಭಾಂಗಣದ ಬಾಗಿಲಿನಲ್ಲಿ ನಿಂತು ಮಕ್ಕಳನ್ನು ಬಲಗಡೆಗೆ, ತಂದೆತಾಯಿಗಳನ್ನು ಎಡಗಡೆಗೆ ಕಳುಹಿಸುವುದು ನನ್ನ ಕೆಲಸ. ಕುರಿ ಕಾಯುವವನಿಗೂ ಇದಕ್ಕಿಂತ ಹೆಚ್ಚಿನ ವಿವೇಚನೆ ಬೇಕು. ಆದರೂ ನಾನು ಅದನ್ನು ದೊಡ್ಡ ಶಸ್ತ್ರಚಿಕಿತ್ಸೆಯಂತೆ ಮಾಡುತ್ತಿದ್ದೆ.

ಆಗ ಬಂದರು ಆಕೆ. ನಲವತ್ತರ ಆಸುಪಾಸಿನ ಹೆಂಗಸು. ಕಂಕುಳಲ್ಲೊಂದು ಬಟ್ಟೆಯ ಚೀಲ. ನೂಕುನುಗ್ಗಲಿನ ನಡುವೆ ಕಾಲನ್ನು ಅಗಲವಾಗಿ ಊರಿ, ಸೊಂಟವನ್ನು ಒಂದು ಕಡೆಗೆ ಕೊಟ್ಟು ನಿಂತಿದ್ದರು. ನಾನು ಒಂದೇ ನೋಟಕ್ಕೆ ರೋಗ ಪತ್ತೆಮಾಡುವವನಂತೆ ತೀರ್ಮಾನಿಸಿದೆ: ಕೈಗೂಸುಗಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಾಯಿ.

“ತಾಯೀ, ನೀವು ಎಡಗಡೆ ಕೂತ್ಕೊಳ್ಳಿ,” ಎಂದೆ.

ಆಕೆ ನನ್ನನ್ನೊಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಹಿಂದೆ ಒತ್ತುತ್ತಿದ್ದ ಜನರನ್ನು ಕಂಡು, ಮಾತಿಲ್ಲದೆ ಎಡಗಡೆಗೆ ಹೋಗಿ ಕುಳಿತರು.

ನಂತರ ನನ್ನ ಭಾಷಣ. ಅದರ ವಿಷಯವನ್ನು ಇಲ್ಲಿ ಹೇಳುವುದಿಲ್ಲ. ಹೇಳತೊಡಗಿದರೆ ನಿಲ್ಲಿಸುವುದು ಕಷ್ಟ. ಪ್ರತಿ ವರ್ಷವೂ ಅದೇ ಭಾಷಣ, ಪ್ರತಿ ವರ್ಷವೂ ಸ್ವಲ್ಪ ಉದ್ದ. ನಮ್ಮ ಗುಮಾಸ್ತರು ಅದು ಶುರುವಾದಾಗ ಹೊರಗೆ ಹೋಗಿ, ಕ್ಷೌರ ಮಾಡಿಸಿಕೊಂಡು, ಮುಗಿಯುವುದರೊಳಗೆ ಬಂದು ಕೂರುತ್ತಿದ್ದರು. ಆ ದಿನ ಪೋಷಕರ ಸಾಲಿನಿಂದ ಆಕೆ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ‘ತಾಯಂದಿರೇ, ಮಕ್ಕಳಿಗೆ ಗಳಿಗೆಗೊಮ್ಮೆ ಫೋನು ಮಾಡಬೇಡಿ’ ಎಂದಾಗ ಗಂಭೀರವಾಗಿ ತಲೆಯಾಡಿಸಿದರು. ನನಗೆ ಹಿಗ್ಗೋ ಹಿಗ್ಗು.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿದೆ. ಹೆಸರು ಕರೆದ ಕೂಡಲೆ ಹೊಸ ವಿದ್ಯಾರ್ಥಿ ವೇದಿಕೆ ಹತ್ತಬೇಕು. ಮನೆಯವರೊಬ್ಬರು ಹಿಂದೆ ನಿಂತು ಅವನಿಗೆ ಬಿಳಿ ಕೋಟು ತೊಡಿಸಬೇಕು. ವೈದ್ಯನ ಬೆನ್ನ ಹಿಂದೆ ಯಾರೋ ಇದ್ದಾರೆ ಎಂಬುದು ಅದರ ಭಾವ. ಜೋಡಿ ಜಡೆಯ ಹುಡುಗಿಯೊಬ್ಬಳ ಸರದಿ ಬಂತು. ಅವಳ ಅಪ್ಪನ ರೈಲು ಎಲ್ಲೋ ದಾರಿಯಲ್ಲಿ ನಿಂತಿತ್ತಂತೆ. ಕೋಟನ್ನು ಎದೆಗೆ ಅವುಚಿಕೊಂಡು ನಿಂತ ಹುಡುಗಿಯ ಗಲ್ಲ ನಡುಗತೊಡಗಿತು. ನಾನು ಪೋಷಕರ ಕಡೆ ನೋಡಿದೆ. ನನ್ನ ನೋಟ ಮುಟ್ಟುವ ಮೊದಲೇ ಆಕೆ ಎದ್ದಾಗಿತ್ತು. ಮೆಟ್ಟಿಲು ಹತ್ತಿ ಬಂದು, “ಕೈ ಹಿಂದಕ್ಕೆ ಕೊಡು ಮಗಳೇ, ಇನ್ನೊಂದು ಕೈ, ಹಾಂ, ಅಳಬೇಡ, ಹೊಸಾ ಕೋಟು ಒದ್ದೆಯಾಗತ್ತೆ,” ಎನ್ನುತ್ತ ತೊಡಿಸಿ, ಗುಂಡಿ ಹಾಕಿ, ಹುಡುಗಿಯ ಬೆನ್ನು ತಟ್ಟಿದರು. ಚಪ್ಪಾಳೆ ಬಿತ್ತು.

ಗುಮಾಸ್ತರು ಮುಂದಿನ ಹೆಸರು ಕರೆದರು.

“ಇದೀನಿ,” ಎಂದರು ಆಕೆ, ಅಲ್ಲೇ ನಿಂತು.

“ತಾಯೀ, ಮಕ್ಕಳ ಹೆಸರು ಕರೀತಿದಾರೆ,” ಎಂದು ನಾನು ಮೆಲ್ಲಗೆ ತಿದ್ದಿದೆ.

“ಹೌದು ಸರ್. ಅದು ನಂದೇ.”

ಸಭೆ ಗೊಳ್ಳೆಂದು ನಕ್ಕಿತು. ನನ್ನ ಎದೆಯ ಮೇಲಿನ ಹೂವು ಆ ಕ್ಷಣದಲ್ಲಿ ಬಾಡಿದ ಹಾಗಾಯಿತು.

“ಮತ್ತೆ ಆಗಲೇ ಹೇಳೋದಲ್ವೇನಮ್ಮಾ?”

“ನಾನು ಬಸ್ ಕಂಡಕ್ಟರು ಸರ್. ದಿನಾ ಜನಕ್ಕೆ ಅಲ್ಲಿ ಕೂತ್ಕೊಳ್ಳಿ, ಇಲ್ಲಿ ನಿಂತ್ಕೊಳ್ಳಿ ಅಂತ ಹೇಳೋಳು. ಬಾಗಿಲಲ್ಲಿ ನಿಂತು ವಾದ ಮಾಡೋರನ್ನ ಕಂಡ್ರೆ ನನಗೇ ಆಗಲ್ಲ. ನಿಮ್ಗೆ ಯಾಕೆ ಆ ಕಷ್ಟ ಕೊಡ್ಲಿ ಅಂತ ಹೋಗಿ ಕೂತೆ.”

ಕಾಲನ್ನು ಅಗಲವಾಗಿ ಊರಿ ನಿಲ್ಲುವುದು ಎಲ್ಲಿಂದ ಬಂತೆಂದು ನನಗೆ ಆಗ ಹೊಳೆಯಿತು. ಓಡುವ ಬಸ್ಸಿನಲ್ಲಿ ಮತ್ತೆ ಹೇಗೆ ನಿಂತಾರು? ಆಕೆಗೆ ಕೋಟು ತೊಡಿಸಲು ಮನೆಯಿಂದ ಯಾರೂ ಬಂದಿರಲಿಲ್ಲ. ಗಂಡ ಬಸ್ ಡ್ರೈವರು, ಆ ಹೊತ್ತಿಗೆ ಊರ ಆ ತುದಿಯಲ್ಲಿದ್ದರು. ಮಗಳಿಗೆ ಕಾಲೇಜಿತ್ತು. ನಾನು ಮುಂದೆ ಬಂದೆ. ಆಕೆ ಮುಜುಗರದಿಂದ, “ಬೇಡಿ ಸರ್, ನಾನೇ ಹಾಕ್ಕೋತೀನಿ,” ಎಂದು ತಾವೇ ತೊಟ್ಟುಕೊಂಡರು. ತೊಟ್ಟ ಮೇಲೆ ಅಭ್ಯಾಸಬಲದಿಂದ ಕೈ ಸೊಂಟದ ಹತ್ತಿರ ಟಿಕೆಟ್ಟಿನ ಚೀಲವನ್ನು ತಡವಿತು. ಇಲ್ಲವೆಂದು ತಿಳಿದು ನಕ್ಕುಬಿಟ್ಟರು.

ಆಕೆಯ ಕತೆ ಆಮೇಲೆ ಗೊತ್ತಾಯಿತು. ಮಗಳು ಪ್ರವೇಶ ಪರೀಕ್ಷೆಗೆ ಓದುವಾಗ ತೂಕಡಿಸದಿರಲಿ ಎಂದು ತಾಯಿ ಜೊತೆಗೆ ಕೂತು ಓದಿದರು. ಹಿಂದೆ ತಾವೂ ಪಿಯುಸಿಯಲ್ಲಿ ವಿಜ್ಞಾನ ಓದಿದ್ದವರಾದ್ದರಿಂದ ಜೊತೆಗೇ ಪರೀಕ್ಷೆ ಬರೆದರು. ಮಗಳು ಕೊನೆಗೆ ತನಗೆ ಇಷ್ಟವಾದ ಚಿತ್ರಕಲೆಗೆ ಸೇರಿದಳು. ತಾಯಿಗೆ ವೈದ್ಯಕೀಯದ ಸೀಟು ಬಂತು. “ಅವಳನ್ನ ಎಬ್ಬಿಸೋಕೆ ಹೋಗಿ ನಾನೇ ಎಚ್ಚರ ಆಗ್ಬಿಟ್ಟೆ ಸರ್,” ಎನ್ನುತ್ತಿದ್ದರು. ಬಸ್ ಡಿಪೋದವರು ಒಂದು ವರ್ಷ ರಜೆ ಕೊಟ್ಟಿದ್ದರು. ಮೊದಲ ವರ್ಷ ಪಾಸಾದರೆ ರಜೆ ಮುಂದುವರಿಯುತ್ತದೆ, ಇಲ್ಲವಾದರೆ ಮರಳಿ ಬಸ್ಸು ಹತ್ತಬೇಕು. ಕರಾರು ಅಷ್ಟೇ.

ತರಗತಿಯಲ್ಲಿ ಹುಡುಗರೆಲ್ಲ ಆಕೆಯನ್ನು ‘ಅಕ್ಕ’ ಎಂದರು. ಬೆನ್ನ ಹಿಂದೆ ‘ಕಂಡಕ್ಟರಕ್ಕ’. ಎರಡಕ್ಕೂ ಆಕೆ ತಿರುಗಿ ನೋಡುತ್ತಿದ್ದರು. ಆಕೆ ನನ್ನ ಪಾಠವನ್ನು ಕೇಳುತ್ತಿದ್ದ ರೀತಿಯನ್ನು ನೆನೆದರೆ ಈಗಲೂ ನನಗೆ ಹೆಮ್ಮೆಯಾಗುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ. ನಾನು ಹೇಳಿದ್ದೆಲ್ಲ ಆಕೆಗೆ ಬಾಯಿಪಾಠ. ನರಗಳ ಜೊತೆಗೆ ನನ್ನ ಹಳಸಲು ಹಾಸ್ಯ, ಪಾಠದ ನಡುವೆ ನಾನು ಹೇಳುವ ನನ್ನ ಸೋದರಮಾವನ ಸೊಂಟನೋವಿನ ಪ್ರಸಂಗ, ಕೊನೆಗೆ ನಾನು ಕೆಮ್ಮುವ ಜಾಗ ಕೂಡ.

ವರ್ಷದ ಕೊನೆಗೆ ಮೌಖಿಕ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಕಡಿಮೆ ಮಾತಿನವರು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಬೇಕು, ಅದೇ ನಿಯಮ. ನನಗೆ ಅದೂ ಒಂದು ಪರೀಕ್ಷೆಯೇ.

“ಮುಖದ ನರದ ಕವಲುಗಳನ್ನ ಹೇಳಿ,” ಎಂದರು ಅವರು.

ಐದು ಹೆಸರು ಹೇಳಿದರೆ ಮುಗಿಯುವ ಪ್ರಶ್ನೆ. ಆಕೆ ಒಮ್ಮೆ ಉಸಿರೆಳೆದುಕೊಂಡು, “ಮುಖವೆಂಬುದು ಮನಸ್ಸಿನ ಕಿಟಕಿ,” ಎಂದು ಶುರುಮಾಡಿದರು. ಅದು ನನ್ನ ಪಾಠದ ಮೊದಲ ವಾಕ್ಯ. ಆಮೇಲೆ ನಗುವಿನ ಮಹತ್ವ ಬಂತು. ಆಮೇಲೆ ನನ್ನ ಸೋದರಮಾವ ಬಂದರು. ಪರೀಕ್ಷಕರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ನರವು ಇನ್ನೂ ಮೆದುಳು ಬಿಟ್ಟು ಹೊರಟೇ ಇರಲಿಲ್ಲ, ಗಂಟೆ ಹೊಡೆಯಿತು. ಉಳಿದ ಪ್ರಶ್ನೆಗಳ ಗತಿಯೂ ಅದೇ ಆಯಿತು.

ಉಳಿದೆಲ್ಲ ವಿಷಯಗಳಲ್ಲಿ ಆಕೆ ಪಾಸು. ನನ್ನ ವಿಷಯದಲ್ಲಿ ಮಾತ್ರ ಫೇಲು. ಹೋಗುವಾಗ ಪರೀಕ್ಷಕರು ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ಮಾವನವರಿಗೆ ಈಗ ಹೇಗಿದೆ?” ಎಂದು ಕೇಳಿದರು.

ಮರುಪರೀಕ್ಷೆಗೆ ಸ್ವಲ್ಪ ಕಾಲಾವಕಾಶವಿತ್ತು. ಅದರಲ್ಲೂ ಫೇಲಾದರೆ ಸೀಟು ಹೋದಂತೆಯೇ. ಆದರೆ ಡಿಪೋದವರ ಕರಾರು ಕರಾರೇ. ಆಕೆ ಮರುದಿನವೇ ಟಿಕೆಟ್ಟಿನ ಚೀಲ ಹೆಗಲಿಗೇರಿಸಿ ಗಂಡನ ಬಸ್ಸು ಹತ್ತಿದರು. ಇನ್ನು ಓದುವುದು ಯಾವಾಗ?

ಆ ಬಸ್ಸು ನಮ್ಮ ಕಾಲೇಜಿನ ಮುಂದೆಯೇ ಹಾದುಹೋಗುತ್ತಿತ್ತು. ನಾನು ಸ್ಕೂಟರನ್ನು ಮನೆಯಲ್ಲಿ ಬಿಟ್ಟೆ.

“ಯಾಕ್ರೀ, ಸ್ಕೂಟರಿಗೇನಾಯ್ತು?” ಎಂದಳು ಹೆಂಡತಿ.

“ಏನೋ ಶಬ್ದ ಮಾಡ್ತಿದೆ.”

“ಅದು ಸ್ಕೂಟರಲ್ಲ, ನೀವು,” ಎಂದಳು.

ಮೊದಲ ದಿನ ಬಸ್ಸಿನಲ್ಲಿ ನಾನು ಆಕೆಯ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿದೆ. ಆಕೆ ಎಂದಿನಂತೆ, “ಮುಖವೆಂಬುದು ಮನಸ್ಸಿನ…” ಎನ್ನುವಷ್ಟರಲ್ಲಿ ನಿಲ್ದಾಣ ಬಂತು. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಟಿಕೆಟ್ ಕೊಟ್ಟು ಮುಗಿಸುವಷ್ಟರಲ್ಲಿ ಮಾತಿನ ಎಳೆ ತಪ್ಪಿತು. ಮತ್ತೆ ಶುರು, ಮತ್ತೆ ನಿಲ್ದಾಣ. ಹಾಗೆಯೇ ಎರಡು ದಿನ. ಮೂರನೆಯ ದಿನ ಆಕೆಗೇ ರೇಗಿತು.

“ಸರ್, ನಿಮ್ಮ ಕಿಟಕಿ, ನಿಮ್ಮ ಮಾವ, ಯಾರಿಗೂ ಈ ಬಸ್ಸಲ್ಲಿ ಜಾಗ ಇಲ್ಲ. ಮುಂದಿನ ಸ್ಟಾಪ್ ಒಳಗೆ ಮುಗಿಯೋ ಹಾಗೆ ಹೇಳ್ತೀನಿ, ಕೇಳಿ. ನರ ಕಿವಿ ಹಿಂದಿಂದ ಹೊರಡತ್ತೆ. ಕಿವಿ ಮುಂದೆ ಜೊಲ್ಲಿನ ಗ್ರಂಥಿ, ಅದು ದೊಡ್ಡ ನಿಲ್ದಾಣ. ಅಲ್ಲಿಂದ ಐದು ದಾರಿ. ಹಣೆ ಕಡೆಗೊಂದು, ಕೆನ್ನೆ ಮೂಳೆಗೊಂದು, ಕೆನ್ನೆಗೊಂದು, ದವಡೆಗೊಂದು… ಟಿಕೆಟ್ ಯಾರ್ರೀ ತಗೊಂಡಿಲ್ಲ, ಹಿಂದೆ ನಿಂತೋರು?”

“ಕುತ್ತಿಗೆ ಬಿಟ್ಟೆ ತಾಯಿ,” ಎಂದರು ಮುಂದಿನ ಸೀಟಿನ ಅಜ್ಜ. ಅವರು ದಿನಾ ಅದೇ ಬಸ್ಸಿನವರು, ಮೂರು ದಿನದಿಂದ ಕೇಳುತ್ತಿದ್ದರು.

“ಹಾಂ, ಕುತ್ತಿಗೆಗೊಂದು. ನೀವೇ ಪರೀಕ್ಷೆಗೆ ಕೂತ್ಕೊಳ್ಳಿ ತಾತ.”

“ಕೂತ್ಕೋತೀನಿ, ಮೊದ್ಲು ಈ ಮೇಷ್ಟ್ರನ್ನ ಕೂರ್ಸು. ನಿಂತಿದ್ರೆ ಮಾತು ಜಾಸ್ತಿ.”

ಅಂದಿನಿಂದ ನಿಯಮ ಖಾಯಂ ಆಯಿತು. ಒಂದು ನಿಲ್ದಾಣದಲ್ಲಿ ಪ್ರಶ್ನೆ, ಮುಂದಿನದರೊಳಗೆ ಉತ್ತರ. ಪ್ರಶ್ನೆಯೂ ಚಿಕ್ಕದಿರಬೇಕು. ನನಗೆ ಅದೇ ಕಷ್ಟವಾಗಿತ್ತು. ‘ಯಕೃತ್ತು ಎಂಬ ಮಹಾನ್ ಅಂಗದ ಬಗ್ಗೆ ಹೇಳುವುದಾದರೆ’ ಎಂದು ನಾನು ಬಾಯಿ ತೆರೆದರೆ, ಮುಂದಿನಿಂದ ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, “ಸರ್, ಮುಂದೆ ಹೋಗಿ, ಮುಂದೆ ಹೋಗಿ,” ಎನ್ನುತ್ತಿದ್ದರು. ಅವರು ಮಾತು ಕಡಿಮೆ ಆಡುವ ಮನುಷ್ಯ. ಆದರೆ ಕಷ್ಟದ ಪ್ರಶ್ನೆ ಬಂದಾಗ ಬಸ್ಸನ್ನು ಸ್ವಲ್ಪ ನಿಧಾನ ಮಾಡುತ್ತಾರೆಂಬುದನ್ನು ನಾನು ಗಮನಿಸಿದ್ದೆ. ಹೆಂಡತಿಗೆ ಉತ್ತರ ಸಿಕ್ಕಿದ ಕೂಡಲೆ ಗೇರು ಬದಲಾಗುತ್ತಿತ್ತು.

ಮರುಪರೀಕ್ಷೆಗೆ ಅದೇ ಪರೀಕ್ಷಕರು ಬಂದರು. ನಾನು ಮತ್ತೆ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತೆ. ಅವರು ಒಂದು ಮೂಳೆ ಕೈಗೆ ಕೊಟ್ಟರು. ಆಕೆ ಅದರ ಹೆಸರು, ಬಲದ್ದೋ ಎಡದ್ದೋ ಎಂಬುದು, ಅದಕ್ಕೆ ಅಂಟುವ ಸ್ನಾಯುಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾದರು. ಪರೀಕ್ಷಕರು ಇನ್ನೂ ಏನೋ ಬರುತ್ತದೆಂದು ಕಾದರು. ಬರಲಿಲ್ಲ. ಕೊನೆಗೆ ಅವರೇ ಕುತೂಹಲ ತಡೆಯಲಾರದೆ, “ಮಾವನವರು ಬರಲಿಲ್ಲವಾ?” ಎಂದರು.

“ಹಿಂದಿನ ಸ್ಟಾಪಲ್ಲಿ ಇಳಿದ್ರು ಸರ್,” ಎಂದರು ಆಕೆ.

ಫಲಿತಾಂಶ ಬಂದ ಬೆಳಗ್ಗೆ ಅದನ್ನು ಹೇಳಲು ನಾನೇ ಕಾಲೇಜಿನ ಮುಂದಿನ ನಿಲ್ದಾಣದಲ್ಲಿ ಕಾದಿದ್ದೆ. ಬಸ್ಸು ಬಂತು. ಬಾಗಿಲಲ್ಲಿ ಆಕೆ ನನ್ನ ಮುಖ ನೋಡಿದರು. ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಮುಖದ ನರ ತನ್ನ ಐದೂ ಕವಲುಗಳಿಂದ ನನ್ನನ್ನು ನಗಿಸಿ ಆ ಕೆಲಸ ಮಾಡಿಬಿಟ್ಟಿತ್ತು. ಆಕೆ ಪಾವಟಿಗೆಯ ಮೇಲೆಯೇ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು.

ಎಂಜಿನು ನಿಂತಿತು. ಡ್ರೈವರು ತಮ್ಮ ಬಾಗಿಲಿನಿಂದ ಇಳಿದು, ಬಸ್ಸನ್ನು ಸುತ್ತಿ ಬಂದರು. ಅವರ ಕೈಯಲ್ಲಿ ಸೀಟಿನ ಹಿಂದಿನಿಂದ ತೆಗೆದ ಒಂದು ಬಟ್ಟೆಯ ಗಂಟಿತ್ತು. ಬಿಚ್ಚಿದರು. ಬಿಳಿ ಕೋಟು. ಮರುಪರೀಕ್ಷೆಯ ದಿನದಿಂದಲೂ ಅದನ್ನು ಬಸ್ಸಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರಂತೆ. ಆಕೆಗೂ ಗೊತ್ತಿರಲಿಲ್ಲ.

“ಏಳು. ಅವತ್ತು ಬರೋಕಾಗ್ಲಿಲ್ಲ,” ಎಂದರು. “ಕೈ ಹಿಂದಕ್ಕೆ ಕೊಡು.”

“ಜನ ನೋಡ್ತಿದಾರೆ,” ಎಂದರು ಆಕೆ.

“ನೋಡ್ಲಿ. ಟಿಕೆಟ್ ತಗೊಂಡಿದಾರಲ್ಲ.”

ತೊಡಿಸಿದರು. ಸ್ಟೇರಿಂಗು ಹಿಡಿದ ದಪ್ಪ ಬೆರಳುಗಳಿಗೆ ಗುಂಡಿ ಸಿಗಲಿಲ್ಲ. ಹಾಗೇ ಬಿಟ್ಟರು. ಟಿಕೆಟ್ಟಿನ ಚೀಲ ಕೋಟಿನ ಒಳಗೇ ಉಳಿದು, ಆಕೆಯ ಸೊಂಟ ಒಂದು ಕಡೆಗೆ ಉಬ್ಬಿ ಕಾಣುತ್ತಿತ್ತು. ಇಂಥ ಗಳಿಗೆಯಲ್ಲಿ ಎರಡು ಮಾತು ಆಡುವುದು ಗುರುವಾದವನ ಧರ್ಮವೆಂದು, “ಮಹನೀಯರೇ, ಇಂದು…” ಎಂದು ಶುರುಮಾಡಿದೆ.

“ಟೈಮಾಯ್ತು ಸರ್,” ಎಂದಿತು ಇಡೀ ಬಸ್ಸು.

ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಬಸ್ ಡಿಪೋದ ಮೂಲೆಯಲ್ಲಿ ಈಗ ಆಕೆಯದೊಂದು ಚಿಕ್ಕ ದವಾಖಾನೆ ಇದೆ. ಡ್ರೈವರುಗಳ ಸೊಂಟ, ಕಂಡಕ್ಟರುಗಳ ಮೊಣಕಾಲು, ಆ ಬೀದಿಯ ಮಕ್ಕಳ ಕೆಮ್ಮು, ಎಲ್ಲವೂ ಅಲ್ಲಿಗೇ ಬರುತ್ತವೆ. ಗಂಡನೂ ನಿವೃತ್ತರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರೋಗಿಗಳಿಗೆ ಚೀಟಿ ಕೊಡುತ್ತಾರೆ. “ಈಗ ಕಂಡಕ್ಟರು ನಾನು,” ಎನ್ನುತ್ತಾರೆ. ನಾನು ರಕ್ತದೊತ್ತಡ ನೋಡಿಸಿಕೊಳ್ಳಲು ಹೋದಾಗ ಆಕೆ ಮೊದಲೇ ಎಚ್ಚರಿಸುತ್ತಾರೆ: “ಸರ್, ಏನಾಗ್ತಿದೆ ಅಂತ ಮುಂದಿನ ಸ್ಟಾಪ್ ಒಳಗೆ ಹೇಳಿ.”

ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ದಿನ ಮಾತ್ರ ದವಾಖಾನೆಗೆ ರಜೆ. ಆಕೆ ಕಾಲೇಜಿಗೆ ಹೋಗಿ, ಕೇಳದೆಯೇ ಎಡಗಡೆಯ ಪೋಷಕರ ಸಾಲಿನಲ್ಲಿ ಕೂರುತ್ತಾರೆ. ಮನೆಯಿಂದ ಯಾರೂ ಬಾರದ ಮಗು ಪ್ರತಿ ವರ್ಷ ಒಂದಾದರೂ ಇರುತ್ತದೆ. ಈ ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಭಾಷಣ ಹೊಸ ಮೇಷ್ಟ್ರದು. ಚಿಕ್ಕದಾಗಿತ್ತು, ಚೆನ್ನಾಗಿತ್ತು, ಆದರೂ ನಾನು ನಿದ್ದೆ ಹೋದೆ. ಆಕೆ ಮೊಣಕೈಯಿಂದ ತಿವಿದು ಎಬ್ಬಿಸಿದರು. ವೇದಿಕೆಯ ಮೇಲೆ ಹುಡುಗನೊಬ್ಬ ಕೋಟು ಹಿಡಿದುಕೊಂಡು ಒಂಟಿಯಾಗಿ ನಿಂತಿದ್ದ.

“ಈ ಸಲ ನೀವು ಹೋಗಿ ಸರ್,” ಎಂದರು ಆಕೆ.

ಹೋದೆ. ಹುಡುಗನ ಹಿಂದೆ ನಿಂತು ಕೋಟು ತೊಡಿಸಿದೆ. ಅವನ ಎಡಗೈ ಕೋಟಿನ ಬಲತೋಳಿಗೆ ಹೋಯಿತು. ಬಿಚ್ಚಿ ಮತ್ತೆ ತೊಡಿಸಬೇಕಾಯಿತು. ಇಷ್ಟು ವರ್ಷ ಎಡಬಲ ಕಲಿಸಿದವನ ಕೈಗುಣ ಅದು. ಕೆಳಗೆ ಆಕೆ ಕಣ್ಣಲ್ಲಿ ನೀರು ಬರುವಂತೆ ನಗುತ್ತ, ಕೈಯಾಡಿಸಿ ಏನೋ ಹೇಳುತ್ತಿದ್ದರು. ಮಾತು ಕೇಳಿಸಲಿಲ್ಲ. ಆದರೆ ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುವ ಆ ಕೈಸನ್ನೆಯನ್ನು ನಾನು ಬಸ್ಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಾನು ಒಂದು ಮಾತೂ ಆಡದೆ ಮೆಟ್ಟಿಲಿಳಿದೆ. ಇನ್ನೊಂದು ಹೆಸರು ಕರೆದರು, ಆಕೆ ಕತ್ತೆತ್ತಿ ಆ ಮಗುವಿನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡತೊಡಗಿದರು.