ಮೇಸ್ತ್ರಿ ಮುಚ್ಚಿದ ಸದ್ದು

ತಾಳವಾಡಿಯಿಂದ ಗೆಟ್ಟವಾಡಿಗೆ ಹೋಗುವ ರಸ್ತೆಯಲ್ಲಿ ಪುಟ್ಟಬಸಪ್ಪನವರ ತಗಡಿನ ಶೆಡ್ಡಿದೆ. ವಯಸ್ಸು ಐವತ್ತೆಂಟು. ಸುತ್ತಲಿನವರಿಗೆಲ್ಲ ಅವರು ಮೇಸ್ತ್ರಿ. ನಮ್ಮ ಕಡೆ ಹಳೆಯ ಗಾಡಿಗಳು ಬೆಟ್ಟ ಬಿಟ್ಟು ಹೋಗುವುದು ಕಡಿಮೆ. ಒಂದು ಹಳ್ಳಿಯಿಂದ ಪಕ್ಕದ ಹಳ್ಳಿಗೆ ಕೈ ಬದಲಾಗುತ್ತವೆ, ಅಷ್ಟೆ. ಕೊಳ್ಳುವವನು ಮೊದಲು ಮೇಸ್ತ್ರಿಯನ್ನು ಕೇಳುತ್ತಾನೆ. ಅವರು "ತಕೊ" ಎಂದರೆ ಕೊಳ್ಳುತ್ತಾನೆ. ಮೂವತ್ತು ವರ್ಷದಿಂದ ಹೀಗೇ ನಡೆದುಬಂದಿತ್ತು.

ಅವರು ಓದಿದ್ದು ಐದನೇ ತರಗತಿ. ಕೆಲಸ ಕಲಿತದ್ದು ಚಾಮರಾಜನಗರದ ಒಂದು ಗ್ಯಾರೇಜಿನಲ್ಲಿ. ಅಲ್ಲಿಂದ ತಂದ ಕಟ್ಟುನಿಟ್ಟುಗಳನ್ನು ಅವರು ಇಂದಿಗೂ ಬಿಟ್ಟಿಲ್ಲ. ಎಣ್ಣೆ ಬದಲಿಸುವಾಗ ಹೊಸದನ್ನು ತುಂಬುವ ಮೇಲಿನ ಬಿರಡೆ ಸಡಿಲವಾಗುತ್ತದೆಯೇ ಎಂದು ನೋಡಿಕೊಂಡೇ ಕೆಳಗಿನದಕ್ಕೆ ಕೈಹಾಕುತ್ತಾರೆ. "ಸುರಿಯಕ್ಕ ದಾರಿ ಇಲ್ದೆ ಒಳಗಿರ ಎಣ್ಣೆಯ ಚೆಲ್ಬುಟ್ರ ಗಾಡಿ ಇಲ್ಲೇ ಮಲಗ್ತದ ಕಣಪ್ಪ" ಎನ್ನುತ್ತಾರೆ. ಅದೇ ಗ್ಯಾರೇಜಿನಲ್ಲಿ ಇನ್ನೊಂದು ವಿದ್ಯೆಯನ್ನೂ ಕಲಿತಿದ್ದರು. ಅದನ್ನು ಒಂದೇ ಒಂದು ಸಲ ಬಳಸಿದರು.

ಅವರ ಹೆಂಡತಿ ಶಿವಮಲ್ಲಮ್ಮನ ಅಣ್ಣ ವೃಷಭೇಂದ್ರನ ಬಳಿ ಒಂದು ಹಳೆಯ ಜೀಪಿತ್ತು. ಓಡುವಾಗ ಅದರ ಹಿಂಭಾಗ ಊಳಿಡುತ್ತಿತ್ತು. ಹಿಂದಿನ ಎರಡು ಚಕ್ರಗಳ ನಡುವೆ ಇರುವ ಕಬ್ಬಿಣದ ಉಂಡೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಹಲ್ಲುಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಹಲ್ಲುಗಳು ಸವೆದಿದ್ದವು. ಎಣ್ಣೆಗೆ ಮರದ ಪುಡಿ ಬೆರೆಸಿದರೆ ಕೆಲವು ತಿಂಗಳು ಸದ್ದು ಅಡಗುತ್ತದೆ. ಮಾರುವವರ ಹಳೆಯ ಮೋಸ ಅದು. ಭಾವ ಕೇಳಿದ, ಮೇಸ್ತ್ರಿ ಇಲ್ಲವೆನ್ನಲಾಗದೆ ಹಾಕಿದರು. ಆ ಜೀಪನ್ನು ನೋಡಲು ಬಂದವನು ಚಿಕ್ಕಣ್ಣ, ಕಾಡಂಚಿನ ಪೋಡಿನವನು, ಎಂದರೆ ಸೋಲಿಗರ ಹಟ್ಟಿಯವನು. ಪೋಡಿನ ಹೆಂಗಸರನ್ನು ಚೆಂಡುಹೂವಿನ ಹೊಲಗಳಿಗೆ ಕರೆದೊಯ್ಯಲು ಅವನಿಗೆ ಗಾಡಿ ಬೇಕಿತ್ತು. ಮೇಸ್ತ್ರಿ ನೆಲ ನೋಡುತ್ತ "ತಕೊ" ಎಂದರು.

ಎಂಟು ತಿಂಗಳ ನಂತರ, ಕಳೆದ ಮಾಘದಲ್ಲಿ, ಚಿಕ್ಕಣ್ಣ ಕೈಯಲ್ಲಿ ಹೊಸ ಎಣ್ಣೆಯ ಡಬ್ಬ ಹಿಡಿದು ಶೆಡ್ಡಿಗೆ ಬಂದ. ನನ್ನ ಬೈಕಿನ ಚೈನು ಬಿಗಿ ಮಾಡಿಸಲು ನಾನೂ ಅಲ್ಲಿದ್ದೆ.

"ಮೇಸ್ತ್ರಿ, ಇವತ್ತೂ ನಾಳಕ ಬಾ ಅಂದ್ರ ನಾ ಇಲ್ಲೇ ಮನಿಕತೀನಿ. ಮೂರ್ ಸಲ ಅಟ್ಟಿದ್ದೀರಿ."

"ಒಳಗಿರ ಎಣ್ಣೆ ಇನ್ನೂ ಚೆಂದಾಗದ ಕಣ್ಲಾ. ಯಾಕ್ ಅವಸ್ರ?"

"ಅವಸ್ರ ನಂದಲ್ಲ, ಮಗಳದು. ಸುಮತಿಗ ಮುಂದಿನ ವಾರ ದಿನ ತುಂಬ್ತದ. ಎರಿಗೆ ಸತ್ಯಮಂಗಲದಲ್ಲೇ ಆಗ್ಬೇಕು ಅಂದವ್ರ ಡಾಕ್ಟ್ರು. ದಿಂಬಂ ಘಾಟಿ ಇಳೀಬೇಕು. ಅವ್ಳವ್ವ ಕೇತಮ್ಮ ದಿನಾ ಜೀವ ತಿಂತಾಳ, ವಂಡಿ ಎಣ್ಣೆ ನೋಡ್ಸು, ಎಣ್ಣೆ ನೋಡ್ಸು ಅಂತ."

ಮೇಸ್ತ್ರಿ ಗೋಣಿತಟ್ಟು ಹಾಸಿ ಜೀಪಿನ ಕೆಳಗೆ ನುಸುಳಿದರು. ಮೇಲಿನ ಬಿರಡೆ ಸಡಿಲಿಸಿ, ಅಗಲ ಬಾಯಿಯ ಡಬ್ಬವಿಟ್ಟು ಕೆಳಗಿನದನ್ನು ಬಿಚ್ಚಿದರು. ಎಣ್ಣೆ ಸುರಿಯಲಿಲ್ಲ. ಮೊದಲು ಒಂದು ಎಳೆ ಜಾರಿತು, ಆಮೇಲೆ ಕರಿ ಅಂಬಲಿಯಂಥದ್ದು ಮುದ್ದೆಮುದ್ದೆಯಾಗಿ ಬಿತ್ತು. ನೋಡಲು ಕುಕ್ಕರುಗಾಲಲ್ಲಿ ಕೂತಿದ್ದ ಚಿಕ್ಕಣ್ಣ ಬೆರಳಿಗೆ ತೆಗೆದುಕೊಂಡು ಉಜ್ಜಿದ.

"ಯಾನ ಮೇಸ್ತ್ರಿ ಇದು? ಮರದ ಪುಡಿ ಇದ್ದಂಗದ. ಎಣ್ಣೆವೊಳಕ ಮರ ಎಲ್ಲಿಂದ ಬಂತು?"

"ಅಳೇ ಎಣ್ಣೆ ಅಂಗೇ ಕಣಪ್ಪ. ಕಟ್ಕತ್ತದ."

ಚಿಕ್ಕಣ್ಣ ಬೆರಳು ನೋಡಿಕೊಂಡ, ಪಂಚೆಗೆ ಒರೆಸಿಕೊಂಡು ನಕ್ಕ. "ಮರ ಕಡ್ದವ್ನಿಗ ಎಲ್ಲಾ ಮರನೇ ಕಾಣ್ತದ, ಬುಡಿ."

ಮೇಸ್ತ್ರಿ ಡೀಸೆಲ್ ಹಾಕಿ ಒಳಗೆಲ್ಲ ತೊಳೆದರು. ಹೊಸ ಎಣ್ಣೆ ತುಂಬಿ, ಅದು ಮೇಲಿನ ತೂತಿನ ಅಂಚಿಗೆ ಬಂದು ತೊಟ್ಟಿಕ್ಕಿದ ಮೇಲೆ ಬಿರಡೆ ಬಿಗಿ ಮಾಡಿದರು. ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸವೇ ಅವರನ್ನು ಸಿಕ್ಕಿಹಾಕಿಸಲಿತ್ತು. ಪುಡಿ ಹೋದ ಮೇಲೆ ಸದ್ದು ಏಳದೆ ಇರುವುದಿಲ್ಲ.

ಅವರು, ಚಿಕ್ಕಣ್ಣ ಇಬ್ಬರೂ ಜೀಪು ಹತ್ತಿ ರಸ್ತೆಗಿಳಿದರು. ಹಿಂತಿರುಗುವಾಗ ಆ ಊಳು ಶೆಡ್ಡಿಗೂ ಕೇಳಿಸಿತು. ಚಿಕ್ಕಣ್ಣ ಗಾಬರಿಯಿಂದ ಕೆಳಗಿಳಿದ.

"ಇದ್ಯಾಕ ಮೇಸ್ತ್ರಿ ಇಂಗ ಕೂಗ್ತದ? ಬರೋವಾಗ ಸುಮ್ನಿತ್ತಲ್ಲ! ನನ್ ಎಣ್ಣೆ ಕಳಪೆದಾ? ಅಳೇದನ್ನೇ ಆಕ್ಬುಡಿ ಮತ್ತ."

ಹಳೆಯ ಎಣ್ಣೆ ಡಬ್ಬದಲ್ಲೇ ಇತ್ತು. ಮತ್ತೆ ಸುರಿದಿದ್ದರೆ ಸದ್ದು ಅಡಗುತ್ತಿತ್ತು, ಚಿಕ್ಕಣ್ಣ ಕೈಮುಗಿದು ಹೊರಡುತ್ತಿದ್ದ, ಮುಂದಿನ ವಾರ ಬಸುರಿ ಮಗಳನ್ನು ಕೂರಿಸಿಕೊಂಡು ದಿಂಬಂನ ಇಪ್ಪತ್ತೇಳು ತಿರುವು ಇಳಿಯುತ್ತಿದ್ದ. ಆ ಮುದ್ದೆಯಿಂದಾಗಿ ಎಣ್ಣೆ ಬೇರಿಂಗಿಗೆ ತಲುಪುವುದಿಲ್ಲ. ಕಾದು ಹಲ್ಲು ಮುರಿದರೆ ಹಿಂದಿನ ಚಕ್ರಗಳು ಓಡುತ್ತಿರುವಾಗಲೇ ಕಚ್ಚಿ ನಿಲ್ಲುತ್ತವೆ. ಮೇಸ್ತ್ರಿ ಡಬ್ಬದ ಕಡೆ ನೋಡಿದರು. ಕೈ ಒರೆಸುವ ಬಟ್ಟೆಯನ್ನು ಎರಡು ಸಲ ಕೊಡವಿದರು.

"ಎಣ್ಣೆ ಸರಿಯಾಗದ ಚಿಕ್ಕಣ್ಣ. ನಿನ್ ವಂಡಿಗ ಸದ್ದು ಮೊದ್ಲಿಂದಾನೂ ಅದ. ಅದು ಮರದ ಪುಡಿನೇ. ನಾನೇ ಆಕಿದ್ದು."

ಚಿಕ್ಕಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾವಾಗ?"

"ನೀ ತಕೊಳದ್ಕ ಮುಂಚ."

"ಎಂಟ್ ತಿಂಗ್ಳಿಂದ ಪೋಡಿನ ಎಂಗಸ್ರೆಲ್ಲಾ ಇದ್ರೊಳಗೆ ಕೂತವ್ರ. ಒಂದ್ಸಲ ದಿಂಬಮ್ಮೂ ಇಳ್ದಿವ್ನಿ. ಆಗ ನಿಮಗ ಗೊತ್ತಿತ್ತಾ?"

"ಗೊತ್ತಿತ್ತು."

ಚಿಕ್ಕಣ್ಣ ಸೀಟಿನ ಮೇಲಿದ್ದ ಟವಲು, ಕೈಚೀಲ ತೆಗೆದುಕೊಂಡ. ಕೀಲಿಯನ್ನು ಅಲ್ಲೇ ಬಿಟ್ಟು ತಾಳವಾಡಿಯತ್ತ ನಡೆದುಹೋದ. ಮೇಸ್ತ್ರಿ ಎರಡು ಸಲ ಕರೆದರು. ಅವನು ತಿರುಗಲಿಲ್ಲ.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಮೇಸ್ತ್ರಿಯೇ ನನಗೆ ಹೇಳಿದರು. ಅವರು ವೃಷಭೇಂದ್ರನನ್ನು ಬೈಯತೊಡಗಿದಾಗ ಶಿವಮಲ್ಲಮ್ಮ ಮೊರದಿಂದ ತಲೆ ಎತ್ತದೆ ಕೇಳಿದರಂತೆ, "ನಮ್ಮಣ್ಣ ಕೇಳ್ದ, ಸರಿ. ಪುಡಿ ಆಕಿದ್ ಕೈ ಯಾರ್ದು? ತಕೊ ಅಂದಿದ್ ಬಾಯಿ ಯಾರ್ದು? ಸುಮ್ನ ಉಣ್ಣಿ."

ಮರುದಿನವೇ ಮೇಸ್ತ್ರಿ ದಾರಿಯಲ್ಲಿ ಕೆಟ್ಟ ಗಾಡಿಗಳನ್ನು ಎಳೆದು ತರಲು ಇಟ್ಟುಕೊಂಡಿದ್ದ ತಮ್ಮ ಸ್ವಂತ ಜೀಪನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ಅದರ ಹಲ್ಲುಗಳು ಚೆನ್ನಾಗಿದ್ದವು. ಅವನ್ನು ಬಿಚ್ಚಿ ಚಿಕ್ಕಣ್ಣನ ಜೀಪಿಗೆ ಹಾಕಿದರು. ಹಲ್ಲಿಗೆ ಹಲ್ಲು ಕೂರಿಸಲು ಮೂರು ದಿನ ಹಿಡಿಯಿತು. ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ಬಂದವರು ಬಸ್‌ಸ್ಟ್ಯಾಂಡಿನ ಬಳಿಯ ಯೋಗೇಶನ ಅಂಗಡಿಗೆ ಹೋದರು. ಯೋಗೇಶ್ ಮೂವತ್ತರ ಪ್ರಾಯದ ಮೆಕ್ಯಾನಿಕ್. ಅವನು ಅಂಗಡಿ ತೆರೆದಾಗ "ಒಸ ಅಂಗಡಿ, ಅಳೇ ತಪ್ಪು" ಎಂದು ನಕ್ಕವರು ಇದೇ ಮೇಸ್ತ್ರಿ.

ಜೀಪು ಸರಿಯಾಯಿತೆಂದು ಕೇಳಿ ನಾಲ್ಕನೇ ದಿನ ಚಿಕ್ಕಣ್ಣ ಬಂದ. ಜೊತೆಯಲ್ಲಿ ಯೋಗೇಶನಿದ್ದ. ಯೋಗೇಶ್ ಶೆಡ್ಡಿನ ಹೊರಗೇ ನಿಂತು ತಲೆ ಕೆರೆದುಕೊಂಡ.

"ಇವ್ರು ಬಾ ಅಂದ್ರು ಮೇಸ್ತ್ರಿ. ನಿಮ್ ಕೆಲ್ಸವ ನಾ ನೋಡದಾ? ಬ್ಯಾಡ ಅಂದ್ರ ಓಯ್ತೀನಿ."

ಪುಟ್ಟಬಸಪ್ಪ ತಮ್ಮ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಅವನತ್ತ ಹಿಡಿದರು. "ನೋಡು. ಅವನು ಕೇಳ್ದಂಗ ನೋಡು."

ಯೋಗೇಶ್ ಕೆಳಗೆ ನುಸುಳಿದ. ಚಿಕ್ಕಣ್ಣ ಅವನ ಪಕ್ಕದಲ್ಲಿ ಕೂತು, ಬಿರಡೆಯ ತೂತಿನೊಳಗೆ ತಾನೇ ಬೆರಳಿಟ್ಟು ತೆಗೆದು ಉಜ್ಜಿ ನೋಡಿದ. ಬರೀ ಎಣ್ಣೆ. ಮೂರು ಮೈಲಿ ಓಡಿಸಿಕೊಂಡು ಬಂದರು. ಮೇಸ್ತ್ರಿ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದರು.

"ಸದ್ದಿಲ್ಲ ಕಣ ಚಿಕ್ಕಣ್ಣ" ಎಂದ ಯೋಗೇಶ್. "ಚೆಂದಾಗಿ ಕೂರ್ಸವ್ರ."

"ಮಗಳ ಕೂರ್ಸ್ಕಂಡು ದಿಂಬಂ ಇಳೀಬೋದಾ?"

ಯೋಗೇಶ್ ಮೇಸ್ತ್ರಿಯ ಮುಖ ನೋಡಿದ.

"ನಾ ಕೇಳ್ತಿರದು ನಿನ್ನ" ಎಂದ ಚಿಕ್ಕಣ್ಣ.

"ಇಳೀಬೋದು."

ಚಿಕ್ಕಣ್ಣ ಯೋಗೇಶನ ಕೈಯಿಂದ ಕೀಲಿ ತೆಗೆದುಕೊಂಡು ಜೀಪು ಹತ್ತಿದ.