ಸುಣ್ಣದ ತಾತನ ತಾರಸಿ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ವಿಚಾರಿಸಿದರೆ ಯಾರಿಗೂ ತಿಳಿಯುವುದಿಲ್ಲ. ‘ಸುಣ್ಣದ ತಾತ’ ಎಂದರೆ ಸಾಕು, ಸೈಕಲ್ ಅಂಗಡಿಯ ಮೇಲಿನ ಮೂರನೇ ಮಹಡಿಗೆ ಬೆರಳು ತೋರಿಸುತ್ತಾರೆ. ನಲವತ್ತೈದು ವರ್ಷ ಊರಿನ ಗೋಡೆಗಳಿಗೆಲ್ಲ ಸುಣ್ಣ ಬಳಿದವನು. ಶಾಲೆ, ಆಸ್ಪತ್ರೆ, ರೈಲು ನಿಲ್ದಾಣದ ಕಾಂಪೌಂಡು, ಎಲ್ಲವೂ ಅವನ ಕುಂಚ ಕಂಡವೇ. ಆಮೇಲೆ ಡಬ್ಬದ ಪೇಂಟು ಬಂತು, ಸುಣ್ಣ ಮೂಲೆ ಸೇರಿತು. ತಾತನನ್ನೂ ಮೂಲೆಗೆ ಕೂರಿಸಲು ಜನ ನೋಡಿದರು, ಆದರೆ ಅವನ ನಾಲಿಗೆ ಕೂರಬೇಕಲ್ಲ! “ಡಬ್ಬದ ಬಣ್ಣ ಅಂದ್ರೆ ಗೋಡೆಗೆ ರೇನ್‌ಕೋಟು ಹಾಕಿದ ಹಾಗೆ ಕಣ್ರೋ. ಒಳಗಡೆ ಗೋಡೆ ಬೆವರುತ್ತೆ ಪಾಪ, ಯಾರ ಹತ್ರ ಹೇಳ್ಕೊಳ್ಳುತ್ತೆ?” ಎಂದು ದಾರಿಹೋಕರನ್ನೂ ನಿಲ್ಲಿಸಿ ಹೇಳುತ್ತಿದ್ದ.

ಅವನ ಕೆಲಸದಲ್ಲಿ ಅರ್ಧ ಕೆಲಸ ಅವನದಲ್ಲ, ಹೆಂಡತಿಯದು. ಗೋಡೆ ಅವನ ಪಾಲು, ನೆಲ ಅವಳ ಪಾಲು. ಸುಣ್ಣದ ಕಲ್ಲನ್ನು ಪೀಪಾಯಿಗೆ ಹಾಕಿ ನೀರು ಬಿಡುವುದು, ಅದು ಕೊತಕೊತ ಕುದಿದು ತಣ್ಣಗಾಗುವ ತನಕ ಕಾಯುವುದು, ಬಟ್ಟೆಯಲ್ಲಿ ಸೋಸುವುದು, ಅಂಟು ಬೆರೆಸುವುದು, ಚಿಟಿಕೆ ನೀಲಿ ಹಾಕುವುದು, ಎಲ್ಲ ಅವಳೇ. ಹದ ನೋಡಲು ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟುಕೊಳ್ಳುತ್ತಿದ್ದಳು. ತಕ್ಷಣ ಹರಿದರೆ ನೀರು ಜಾಸ್ತಿ, ಅಲ್ಲೇ ನಿಂತರೆ ಸುಣ್ಣ ಜಾಸ್ತಿ, ಸ್ವಲ್ಪ ಯೋಚನೆ ಮಾಡಿ ಜಾರಿದರೆ ಸರಿ. ಅವನು ಮೇಲೆ ಕುಂಚ ಎಳೆಯುವ ಸದ್ದು ಕೇಳಿಯೇ ಕೆಳಗಿನಿಂದ ಕೂಗುತ್ತಿದ್ದಳು: “ರೀ, ಗೋಡೆ ಒಣಗಿದೆ, ನೀರು ಚಿಮುಕಿಸಿ!” ಅವಳು ಹೇಳಿದ್ದು ಒಮ್ಮೆಯೂ ತಪ್ಪಿದ್ದಿಲ್ಲ. ತಾತ ಅದನ್ನು ಒಮ್ಮೆಯೂ ಒಪ್ಪಿಕೊಂಡಿದ್ದಿಲ್ಲ.

ಐದು ವರ್ಷದ ಹಿಂದೆ ಶಾಲೆಯ ಗೋಡೆಯಿಂದ ಏಣಿ ಸಮೇತ ಬಿದ್ದು ಕಾಲು ಮುರಿದುಕೊಂಡ. ಪ್ಲಾಸ್ಟರು ಬಿಚ್ಚಿದ ದಿನ ಅಜ್ಜಿ ಅವನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದಳು. ಇನ್ನು ಏಣಿ ಹತ್ತುವುದಿಲ್ಲ. ಅಂದಿನಿಂದ ಕುಂಚ ಮಂಚದ ಕೆಳಗೆ, ತಾತ ಮಂಚದ ಮೇಲೆ.

ಅವರಿದ್ದ ಕೋಣೆ ಕಟ್ಟಡದ ತುತ್ತತುದಿಯದು. ಅದರ ನೆತ್ತಿಗೆ ಸಿಮೆಂಟಿನ ತಾರಸಿ, ಅದರ ಮೇಲೆ ಬರೀ ಸೂರ್ಯ. ಮೊದಲೆಲ್ಲ ಬೇಸಗೆ ಎಂದರೆ ಎರಡು ವಾರ ಬೈದುಕೊಂಡು ಕಳೆಯುವ ಕಾಲ. ಈಗ ಹಾಗಿಲ್ಲ. ಎರಡು ತಿಂಗಳು ಮೊದಲೇ ಬರುತ್ತದೆ, ಬಂದ ನೆಂಟನಂತೆ ಹೊರಡುವ ಮಾತೇ ಎತ್ತುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದವರೇ ಇಲ್ಲ. “ಇದು ಫ್ಯಾನಲ್ಲ, ಒಲೆ ಊದೋ ಕೊಳವೆ,” ಎನ್ನುತ್ತಿದ್ದಳು ಅಜ್ಜಿ. ಕಳೆದ ವರ್ಷ ಹೃದಯ ಸೋತು, ಸೆಕೆಗೆ ಎರಡು ಸಲ ಎಚ್ಚರ ತಪ್ಪಿ ಬಿದ್ದಮೇಲೆ ಅವಳ ತಮಾಷೆಯೂ ಕಡಿಮೆಯಾಯಿತು. ಮಂಚದಿಂದ ಎದ್ದು ನಾಲ್ಕು ಹೆಜ್ಜೆ ನಡೆದರೆ ಏದುಸಿರು.

ಮಗಳು ಬಸ್ ಕಂಡಕ್ಟರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೊದಲ ಬಸ್ಸಿಗೆ ಹೋಗುವವಳು. ಒಂದು ಭಾನುವಾರ ಕೈಯಲ್ಲಿ ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಹಿಡಿದು ಬಂದಳು. ಮೊಳೆಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಕಾದು ನೋಡಿದಳು.

“ನಲವತ್ತೆರಡು! ಅಪ್ಪಾ, ಡಾಕ್ಟ್ರು ಸ್ಪಷ್ಟವಾಗಿ ಹೇಳಿದ್ದಾರೆ. ಮೂವತ್ತೈದು ದಾಟೋ ಕೋಣೆಯಲ್ಲಿ ಅಮ್ಮನ್ನ ಇಟ್ಕೋಬೇಡಿ ಅಂತ. ಬರೋ ಭಾನುವಾರ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನೆಲಮಹಡಿ, ತಂಪಾಗಿದೆ.”

“ನಾನು?”

ಮಗಳು ತಲೆ ತಗ್ಗಿಸಿದಳು. “ಎರಡು ಕೋಣೆಯಲ್ಲಿ ಆರು ಜನ ಇದ್ದೀವಪ್ಪ. ಒಂದು ಮಂಚದ ಜಾಗ ಹೇಗೋ ಮಾಡಿದೀನಿ. ಮಳೆ ಬರೋ ತನಕ ಅಷ್ಟೇ.”

“ಆಯ್ತಮ್ಮ. ಅಮ್ಮನ ಕಣ್ಣಿಗೆ ಬೆಣ್ಣೆ, ಅಪ್ಪನ ಕಣ್ಣಿಗೆ ಸುಣ್ಣ,” ಎಂದ ತಾತ. ನಗೆಚಾಟಿಕೆ ಮಾಡಹೋದ, ಯಾರೂ ನಗಲಿಲ್ಲ. ಮದುವೆಯಾದ ನಲವತ್ತಾರು ವರ್ಷದಲ್ಲಿ ಅವರಿಬ್ಬರೂ ಬೇರೆ ಬೇರೆ ಸೂರಿನಡಿ ಮಲಗಿದ್ದು ಅವಳ ಬಾಣಂತನದಲ್ಲಿ ಮಾತ್ರ. “ಮೂರು ಗಂಟೆಗೆ ಮೂವತ್ತೈದಕ್ಕೆ ಇಳಿಸಿಬಿಟ್ರೆ?” ಎಂದು ಕೇಳಿದ.

“ಇಳಿಸಿಬಿಡು, ಇಲ್ಲೇ ಇರಲಿ,” ಎಂದಳು ಮಗಳು, ಆಗುವ ಮಾತಲ್ಲವೆಂಬಂತೆ. ಅಮ್ಮನ ಕಡೆ ತಿರುಗಿ “ನೀನೇನಂತೀಯಮ್ಮಾ?” ಎಂದಳು.

“ನೋಡೋಣ,” ಎಂದಳು ಅಜ್ಜಿ, ಅಷ್ಟೇ.

ಆ ‘ನೋಡೋಣ’ ತಾತನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವಳಿಗೆ ಹೋಗುವ ಮನಸ್ಸಿದೆಯೋ ಏನೋ. ಇರದೆ ಏನು? ಅಲ್ಲಿ ತಂಪು, ಮೊಮ್ಮಕ್ಕಳು, ಮಾತಿಗೆ ಜನ. ಇಲ್ಲಿ ಏನಿದೆ, ಒಂದು ಒಲೆ ಊದುವ ಕೊಳವೆ, ಒಬ್ಬ ಬಾಯಿಬಡುಕ ಮುದುಕ. ಕೇಳಿಬಿಡಬೇಕು ಎಂದುಕೊಂಡ. ಹೌದು ಎಂದುಬಿಟ್ಟರೆ? ಕೇಳಲಿಲ್ಲ.

ಅದರ ಬದಲು ತಾರಸಿಗೆ ಸುಣ್ಣ ಬಳಿಯಲು ಹೊರಟ. ಬಿಳಿ ಬಟ್ಟೆ ಬಿಸಿಲು ತಡೆಯುತ್ತದೆಂದು ಎಲ್ಲರಿಗೂ ಗೊತ್ತು, ತಾರಸಿಗೆ ಮಾತ್ರ ಬೇರೆ ನ್ಯಾಯವೇ? ಸೋಮವಾರ ಸೈಕಲ್ ಅಂಗಡಿಯ ಹಿತ್ತಲಲ್ಲಿ ಗುಟ್ಟಾಗಿ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿದ. ಬುಧವಾರ, ಹಿಂದಿನ ಅಭ್ಯಾಸದಂತೆ ಕಾಫಿ ಕುಡಿದು, ಹತ್ತು ಗಂಟೆಗೆ, “ಸ್ವಲ್ಪ ಕೆಳಗೆ ಹೋಗಿಬರ್ತೀನಿ ಕಣೇ,” ಎಂದು ಸುಳ್ಳು ಹೇಳಿ ಮೇಲೆ ಹೋದ. ತಾರಸಿಗೆ ಹೋಗಲು ಗೋಡೆಗೆ ಬಿಗಿದ ಎಂಟು ಕಬ್ಬಿಣದ ಮೆಟ್ಟಿಲು. ಅದು ಏಣಿಯಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಆದರೂ ಒಂದೊಂದು ಮೆಟ್ಟಿಲಿಗೂ ಅವಳ ತಲೆ ಕೈಗೆ ತಗುಲಿದಂತಾಗಿ, ದೇವರೇ ಅವಳಿಗೇನೂ ಆಗದಿರಲಿ ಎಂದುಕೊಂಡೇ ಹತ್ತಿದ.

ಬಳಿದ. ಬೇಗ ಬೇಗ ಬಳಿದ. ಸುಣ್ಣ ಕುಂಚದಿಂದ ಇಳಿದದ್ದೇ ತಡ ಒಣಗುತ್ತಿತ್ತು. ‘ಪರವಾಗಿಲ್ಲ, ಬೇಗ ಮುಗೀತು’ ಎಂದು ಹಿಗ್ಗಿದ. ಹನ್ನೆರಡಕ್ಕೆ ಒಂದು ಬಿಸಿಗಾಳಿ ಬೀಸಿತು ನೋಡಿ, ತಾರಸಿಯ ಸುಣ್ಣವೆಲ್ಲ ಹಿಟ್ಟಾಗಿ ಎದ್ದು ಪಕ್ಕದ ಕಟ್ಟಡಕ್ಕೆ ವಲಸೆ ಹೋಯಿತು. ಅಲ್ಲಿ ಲಾಂಡ್ರಿಯವನು ವಕೀಲರ ಕರೀ ಕೋಟುಗಳನ್ನು ಒಣಹಾಕಿದ್ದ. ಹನ್ನೊಂದು ಕೋಟು.

“ತಾತಾ! ಇವರು ನಾಳೆ ಕೋರ್ಟಿಗೆ ಹೋಗಬೇಕೋ, ನಾಟಕಕ್ಕೋ?” ಎಂದು ಅವನು ಅಲ್ಲಿಂದಲೇ ಕಿರುಚಿದ.

ಮೂರು ಗಂಟೆಗೆ ಥರ್ಮಾಮೀಟರ್ ನಲವತ್ತೊಂದರಲ್ಲಿತ್ತು. ತಾತ ಸುಣ್ಣದ ಕಾಲುಗಳನ್ನು ಬಾಗಿಲ ಹಿಂದೆ ಮರೆಮಾಡಿಕೊಂಡು ಕೂತ. ನಲವತ್ತೈದು ವರ್ಷ ಪಳಗಿದ ಕೈ ಕೈಬಿಟ್ಟಿತಲ್ಲ ಎಂದು ಅವನಿಗೆ ನಿಜವಾಗಿ ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಸೂರು ನೋಡುತ್ತಾ ಮಲಗಿದ್ದವಳು ತಾನೇ ಮಾತು ತೆಗೆದಳು.

“ನಿನ್ನೆ ತಾರಸಿಗೆ ನೀರು ಹಾಕದೇ ಬಳಿದ್ರಿ.”

ತಾತನ ಕೈಯ ಲೋಟ ಅಲ್ಲೇ ನಿಂತಿತು.

“ಕುಂಚ ಕರಕರ ಅಂತಿತ್ತು. ಒದ್ದೆ ನೆಲದ ಮೇಲೆ ಹಾಗೆ ಸದ್ದಾಗುತ್ತಾ? ಅದೂ ಹತ್ತು ಗಂಟೆಗೆ! ರೀ, ಈಗಿನ ಹತ್ತು ಗಂಟೆ ಅಂದ್ರೆ ನಮ್ಮ ಕಾಲದ ಮಟಮಟ ಮಧ್ಯಾಹ್ನ. ಸುಣ್ಣಕ್ಕೆ ನಿಧಾನವಾಗಿ ಒಣಗೋಕೆ ಹೊತ್ತು ಬೇಕು. ಇಲ್ಲಾಂದ್ರೆ ಅದು ಹಿಟ್ಟು. ಕೈ ನಿಮ್ಮದು ಸರಿಯಾಗೇ ಇದೆ, ಕಾಲ ಬದಲಾಗಿದೆ.”

“ಗೊತ್ತಿದ್ರೂ ನಿನ್ನೆ ಸುಮ್ಮನಿದ್ದೆಯಾ?”

“ಆಣೆ ಮುರಿದೋರನ್ನ ಕೂಗಿ ಬೆಚ್ಚಿಬೀಳಿಸಿ, ಮೇಲಿಂದ ಕೆಳಗೆ ಬೀಳಿಸಲಾ?” ಅವಳು ಕೈ ಚಾಚಿ ಅವನ ಕೈಯನ್ನು ತೆಗೆದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಒಂದು ಗಳಿಗೆ ಬಿಟ್ಟು ತಾನೇ ತೆಗೆದಳು. “ಆಣೆ ಬಿಡಿಸಿದೆ. ಇನ್ನು ಕದ್ದು ಹತ್ತಬೇಡಿ. ಹೋಗಿ, ಸುಣ್ಣ ತನ್ನಿ, ಹದ ನೋಡ್ತೀನಿ.”

ಐದು ವರ್ಷದ ಮೇಲೆ ಅವಳ ಹೆಬ್ಬೆರಳ ಉಗುರಿನ ಮೇಲೆ ಸುಣ್ಣದ ತೊಟ್ಟು ಬಿತ್ತು. ಹರಿಯಿತು. “ನೀರು ಜಾಸ್ತಿ,” ಎಂದಳು ಸಿಡುಕಿ. ಅಂಟು ಹೆಚ್ಚಿಸಲು ಹೇಳಿದಳು. ಒಂದು ಹಿಡಿ ಉಪ್ಪು ಹಾಕಿಸಿದಳು, ಉಪ್ಪು ತೇವ ಹಿಡಿದಿಡುತ್ತದೆಂದು. ಆಮೇಲೆ, “ಆ ಲಾಂಡ್ರಿಯವನನ್ನ ಕರೀರಿ,” ಎಂದಳು.

ಅವನು ಜಗಳಕ್ಕೆ ಸಿದ್ಧನಾಗಿಯೇ ಬಂದ. ಮಂಚದ ಮೇಲಿನ ಅಜ್ಜಿಯನ್ನು ಕಂಡು ಮೆತ್ತಗಾದ.

“ನಿನ್ನ ಹತ್ರ ಹರಿದ ಹಾಸಿಗೆ ಬಟ್ಟೆ ಇದೆಯೇನಪ್ಪ? ಬಳಿದ ಮೇಲೆ ಒದ್ದೆ ಮಾಡಿ ನೆರಳು ಕಟ್ಟಬೇಕು. ಸುಣ್ಣಕ್ಕೆ ತಗುಲದ ಹಾಗೆ, ಒಂದು ಮೊಳ ಎತ್ತರಕ್ಕೆ.”

“ಆಸ್ಪತ್ರೆಯವರು ಬೇಡ ಅಂದ ಹಾಸಿಗೆ ಬಟ್ಟೆ ಮೂವತ್ತಿದೆ ಅಜ್ಜಿ.” ಅವನು ತಾತನ ಕಡೆ ನೋಡಿದ. “ಕೋಟು ಮತ್ತೆ ಒಗೆದದ್ದನ್ನ ಮರೆತಿಲ್ಲ, ನೆನಪಿರಲಿ. ನನ್ನ ಮೇಲ್ಚಾವಣಿಗೂ ಬಳೀಬೇಕು. ಇಸ್ತ್ರಿ ಹಾಕೋವಾಗ ನಾನೇ ಇಸ್ತ್ರಿಯಾಗ್ತಿದ್ದೀನಿ.”

ಶುಕ್ರವಾರ ಸಂಜೆ ತಾರಸಿಗೆ ನೀರು ಕುಡಿಸಿದರು. ಹತ್ತು ಬಕೆಟ್ಟು ಕುಡಿದರೂ ಅದಕ್ಕೆ ಬಾಯಾರಿಕೆ ಹೋಗಲಿಲ್ಲ. ಶನಿವಾರ ಬೆಳಕು ಹರಿಯುವ ಮುಂಚೆ ತಾತ ಮೇಲೆ ಕುಂಚ ಹಿಡಿದ, ಲಾಂಡ್ರಿಯವನು ಮೆಟ್ಟಿಲಲ್ಲಿ ನಿಂತು ಬಕೆಟ್ಟು ಎತ್ತಿಕೊಟ್ಟ, ಅಜ್ಜಿ ಕೆಳಗೆ ಸೂರಿಗೆ ಕಿವಿಗೊಟ್ಟಳು. ನಡುನಡುವೆ ಊರುಗೋಲಿನಿಂದ ಮಂಚದ ಕಾಲಿಗೆ ಟಕಟಕ ಕುಟ್ಟುವಳು. ಕಿಟಕಿ ತೆರೆದಿದ್ದರಿಂದ ಮೇಲೆ ಕೇಳುತ್ತಿತ್ತು. ಒಂದು ಕುಟ್ಟಿದರೆ ನೀರು ಚಿಮುಕಿಸು, ಎರಡು ಕುಟ್ಟಿದರೆ ನಿಧಾನ. ಎರಡೇ ಜಾಸ್ತಿ ಬಂದವು. ತಾತ ಗೊಣಗಿದ, ಆದರೆ ಹಾಗೇ ಮಾಡಿದ. ಸೂರ್ಯ ಏರುವಷ್ಟರಲ್ಲಿ ಕೆಲಸ ಮುಗಿದು, ಮೇಲೆ ಒದ್ದೆ ಬಟ್ಟೆಯ ಚಪ್ಪರ ಎದ್ದಿತ್ತು. ಇಳಿದು ಬಂದವನು ಅಕ್ಷರಶಃ ಸುಣ್ಣವಾಗಿದ್ದ.

ಅಂದು ಮೂರಕ್ಕೆ ಮೂವತ್ತೇಳು. ಭಾನುವಾರ ಬಟ್ಟೆ ಬಿಚ್ಚಿದಾಗ ತಾರಸಿ ಕಣ್ಣು ಕೋರೈಸುವಷ್ಟು ಬೆಳ್ಳಗಿತ್ತು. ಕೈ ಉಜ್ಜಿದರೆ ಹಿಟ್ಟು ಅಂಟಲಿಲ್ಲ. ಎರಡೂವರೆಗೆ ನೋಡಿದ. ಮೂವತ್ತಾರು. ಕೆಂಪು ಗೆರೆ ಆ ಒಂದು ಗೀಟನ್ನು ಹಿಡಿದು ಕೂತುಬಿಟ್ಟಿತ್ತು. ಅಜ್ಜಿಯ ಬಟ್ಟೆಯ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಅವಳು ಅದನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ತಾತ ಛತ್ರಿ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಮಗಳನ್ನು ಕರೆತರಲು ಹೋದ.

ಮಗಳು ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು, ಮುಖ ಕೆಂಡವಾಗಿತ್ತು. ಮೂರು ಮಹಡಿ ಹತ್ತಿ ಒಳಗೆ ಬಂದವಳೇ ನೇರ ಗೋಡೆಯ ಹತ್ತಿರ ಹೋದಳು.

“ಇಪ್ಪತ್ನಾಲ್ಕಾ?”

ತಾತನೂ ಬಗ್ಗಿ ನೋಡಿದ. ಇಪ್ಪತ್ತನಾಲ್ಕೇ! ಥರ್ಮಾಮೀಟರಿನ ತುದಿಯಿಂದ ಒಂದು ಹನಿ ಜಾರಿ ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ಗೋಡೆಯ ಮೇಲೆ ನೀರು ಇಳಿದ ಗುರುತು. ಮೊಳೆಯಿಂದ ಮೂಲೆಯ ನೀರಿನ ಮಡಕೆಯ ತನಕ ನೆಲದಲ್ಲಿ ಹನಿಗಳ ಸಾಲು, ಅಲ್ಲಿಂದ ಮಂಚದ ತನಕ ಒದ್ದೆ ಪಾದದ ಗುರುತು. ಮಂಚದ ಮೇಲೆ ಅಜ್ಜಿ ಗೋಡೆಗೆ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಏದುಸಿರು ಬಿಡುತ್ತಾ ‘ನಿದ್ದೆ’ ಮಾಡುತ್ತಿದ್ದಳು.

“ಅಮ್ಮಾ,” ಎಂದಳು ಮಗಳು.

“ಏನು? ಈಗ ತಾನೇ ಕಣ್ಣು ಹತ್ತಿತ್ತು.”

“ಥರ್ಮಾಮೀಟರ್‌ಗೆ ಸ್ನಾನ ಮಾಡಿಸಿದೋರು ಯಾರು?”

ಅಜ್ಜಿ ಮತ್ತೆ ಕಣ್ಣು ಮುಚ್ಚಿಕೊಂಡಳು. ಕಿವಿಯ ತುದಿ ಕೆಂಪಾಯಿತು. ಮಗಳು ನಗಲು ಶುರು ಮಾಡಿದಳು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. “ಇರಲಿ. ಹತ್ತು ನಿಮಿಷ ಕಾಯ್ತೀನಿ, ಅದು ನಿಜ ಹೇಳ್ಲಿ,” ಎಂದು ಥರ್ಮಾಮೀಟರನ್ನು ಸೆರಗಿನಲ್ಲಿ ಒರೆಸಿ, ಕೈಯಲ್ಲಿ ಹಿಡಿದು, ಅಮ್ಮನ ಮಂಚದ ಪಕ್ಕ ಬರಿ ನೆಲದ ಮೇಲೆ ಕಾಲು ಚಾಚಿದಳು.

ಹತ್ತು ನಿಮಿಷ ಕಳೆಯಲಿಲ್ಲ, ಅವಳಿಗೆ ನಿದ್ದೆ ಬಂದುಬಿಟ್ಟಿತು. ಮಧ್ಯಾಹ್ನ ಮೂರು ಗಂಟೆಗೆ, ಆ ಕೋಣೆಯಲ್ಲಿ, ಬಾಯಿ ಸ್ವಲ್ಪ ತೆರೆದು, ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೆ. ಥರ್ಮಾಮೀಟರ್ ಕೈಯಿಂದ ಜಾರಿ ಮಗುಚಿ ಬಿತ್ತು. ಅದನ್ನು ತಿರುಗಿಸಿ ನೋಡಲು ಯಾರೂ ಹೋಗಲಿಲ್ಲ.

ತಾತ ಸದ್ದಾಗದಂತೆ ಮಂಚದ ಅಂಚಿಗೆ ಕೂತ. “ಹೋಗೋಕೆ ಇಷ್ಟ ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನೇ?” ಎಂದ, ಪಿಸುದನಿಯಲ್ಲಿ.

“ವಾರವಿಡೀ ಆ ಥರ್ಮಾಮೀಟರನ್ನ ಕೇಳಿದ್ರಿ,” ಎಂದಳು ಅಜ್ಜಿ. “ನನ್ನ ಕೇಳಿದ್ರಾ?”

ತಾತ ಕೈಯೆತ್ತಿ ಅವಳ ತಲೆಯ ಮೇಲೆ ಇಟ್ಟ, ಈ ಸಲ ಯಾವ ಆಣೆಗೂ ಅಲ್ಲ. ಅವಳು ತೆಗೆಯಲಿಲ್ಲ.

ಐದು ಗಂಟೆಗೆ ಮಗಳು ಗಾಬರಿಯಿಂದ ಎದ್ದಳು. ಗಡಿಯಾರ ನೋಡಿದಳು, ಸೂರು ನೋಡಿದಳು, ಬಾಗಿಲ ಬಳಿಯ ಚೀಲ ನೋಡಿದಳು. ಚೀಲದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿ ಜೋಡಿಸಿದಳು.

“ಎರಡನೇ ಸಲ ಬಳೀಬೇಕಲ್ವಾ ಅಪ್ಪಾ?”

“ಬಳೀಬೇಕು. ಬರೋ ಭಾನುವಾರ.”

“ರಜಾ ಹಾಕಿ ಬರ್ತೀನಿ. ಬಕೆಟ್ಟು ನಾನು ಎತ್ತಿಕೊಡ್ತೀನಿ,” ಎಂದು ಮಗಳು ಚಪ್ಪಲಿ ಮೆಟ್ಟಿಕೊಂಡಳು.

“ಬೆಳಕಾಗೋ ಮುಂಚೆ ಬಾ,” ಎಂದಳು ಅಜ್ಜಿ ಮಂಚದಿಂದ. “ಇವರ ಮಾತು ಕೇಳಿ ಹತ್ತು ಗಂಟೆಗೆ ಬಂದೀಯ ಮತ್ತೆ.”